ಲೆವೆಲ್ ಮೂರು ಎಂದು ಬಂದ ಬಾಟಲಿಯ ಬಗ್ಗೆ

ನಾನು ಭಾಗ್ಯಾ, ತಂದೆ ನಾಮದೇವ ಕಾಂಬಳೆ, ವಯಸ್ಸು 18, ಉದ್ಯೋಗ: ಬಿ.ಎಸ್ಸಿ. ಮೊದಲ ವರ್ಷದ ಓದು, ವಾಸ: ಚಿಕ್ಕೋಡಿಯ ಹಾಸ್ಟೆಲ್, ಸ್ವಂತ ಊರು ಕಾಗವಾಡ ಹತ್ತಿರದ ತೋಟದ ವಸತಿ. ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಮಾರ್ಚ್ 11ರ ಮಧ್ಯಾಹ್ನ ನಮ್ಮ ದೊಡ್ಡವ್ವ ತುಳಸವ್ವ, ದ್ರಾಕ್ಷಿ ತೋಟದ ಮಾಲೀಕರಾದ ಬಾಬಾಸಾಹೇಬ ಅವರ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಮೂಲೆಯಲ್ಲಿದ್ದ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿರುವುದು ನೀರೆಂದು ತಿಳಿದು ಕುಡಿದರು. ಮಿರಜ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಆಗ ನಾನು ಪ್ರಾಕ್ಟಿಕಲ್‌ನಲ್ಲಿದ್ದೆ.

ನಮ್ಮ ಕಡೆ ದೊಡ್ಡ ಕ್ಯಾನಿನ ಕೀಟನಾಶಕ ಔಷಧವನ್ನು ಇಂಥ ಬಾಟಲಿಗೆ ಸುರುವಿ, ಗುರುತಿಗೆ ಕುತ್ತಿಗೆಗೆ ಬಟ್ಟೆಯ ಚಿಂದಿ ಕಟ್ಟುತ್ತಾರೆ. ದೊಡ್ಡವ್ವ ಕುಡಿದ ಬಾಟಲಿಗೆ ಚಿಂದಿ ಇರಲಿಲ್ಲ. ದೊಡ್ಡವ್ವನ ಮಗ ಲಖನ ಅದೇ ತೋಟದಲ್ಲಿ ಬಳ್ಳಿಗೆ ಔಷಧ ಹೊಡೆಯುವವನು. ಶೆಡ್ಡಿನಲ್ಲಿ ಇರುವೆಗೆಂದು ಬಾಬಾಸಾಹೇಬ ಅವರು ತರಿಸಿದ ಇನ್ನೊಂದು ಔಷಧವೂ ಇತ್ತು.

ಮಾರ್ಚ್ 17ರಂದು ಪೊಲೀಸರು ಆ ಬಾಟಲಿ ಕಳಿಸಿದ್ದ ಲ್ಯಾಬಿನಿಂದ ಮಧ್ಯಂತರ ವರದಿ ಬಂತು. ಅದರಲ್ಲಿದ್ದ ವಿಷದ ಹೆಸರು ಲಖನನ ಕ್ಯಾನಿನ ಮೇಲೂ ಇತ್ತು. ಅವನು ಓದಿಸಿ ಕೇಳಿ, ಚಿಂದಿ ಕಟ್ಟೂದು ಮರ್ತಿರಬೇಕ್ರಿ, ನಂದ ಬಾಟ್ಲಿ ಇರಬೇಕ್ರಿ ಎಂದು ಒಪ್ಪಿ ಠಾಣೆಯಲ್ಲಿ ಸಹಿ ಮಾಡಿದನೆಂದು ಅಪ್ಪ ಫೋನಿನಲ್ಲಿ ಹೇಳಿದರು, ವರದಿಯ ಫೋಟೋ ಕಳಿಸಿದರು.

ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಲೆವೆಲ್ 3 ಎಂದಿತ್ತು. ಮರುದಿನ ನಮ್ಮ ಕೆಮಿಸ್ಟ್ರಿ ಮೇಡಂ ಉಜ್ವಲಾ ಅವರಿಗೆ ತೋರಿಸಿದೆ. ಅದು ಲ್ಯಾಬಿಗೆ ಎಷ್ಟು ಖಾತ್ರಿ ಎಂಬುದರ ಅಳತೆ, ಲೆವೆಲ್ 5 ಅಂದರೆ ಅಣುವಿನ ತೂಕವಷ್ಟೇ ಗೊತ್ತು, 4 ಅಂದರೆ ಫಾರ್ಮುಲಾ ಗೊತ್ತು, 3 ಅಂದರೆ ಇಂಥ ಜಾತಿಯದು, ಆದರೆ ಅದರಲ್ಲಿ ಯಾವುದೆಂದು ಗೊತ್ತಿಲ್ಲ, 2 ಅಂದರೆ ಬಹುತೇಕ ಇದೇ, ಆ ಹೆಸರಿನದೇ ಶುದ್ಧ ಸ್ಯಾಂಪಲ್ಲನ್ನು ಅದೇ ಮಷಿನ್‌ನಲ್ಲಿ ಓಡಿಸಿ ಎರಡೂ ತಾಳೆಯಾದರೆ ಮಾತ್ರ 1 ಎಂದು ಅವರು ತಿಳಿಸಿದರು. ನಾನು ಲ್ಯಾಬಿಗೆ ಫೋನ್ ಮಾಡಿದಾಗ, ಶುದ್ಧ ಸ್ಯಾಂಪಲ್ ಇನ್ನೂ ಬಂದಿಲ್ಲ, ಇರುವೆ ಔಷಧವೂ ಅದೇ ಜಾತಿಯದಾಗಿರಬಹುದು, ಅದನ್ನು ಯಾರೂ ಕಳಿಸಿಲ್ಲ ಎಂದರು.

ಈ ದಿನ ಬೆಳಿಗ್ಗೆ ಠಾಣೆಯ ಹೊರಗೆ ಬಾಬಾಸಾಹೇಬ ಅವರು, ಅಂವನ ಒಪ್ಪ್ಯಾನ, ನೀ ಕಾಲೇಜಿಗಿ ಹೋಗಿ ಭಾಳ ಶ್ಯಾಣ್ಯಾಕಿ ಆದಿ ಬಿಡವಾ ಎಂದರು. ನಾನು ಠಾಣೆಯ ಒಳಗೆ ಬಂದೆನು.

ಪಿ.ಎಸ್.ಐ. ಸಾಹೇಬರು ಇದನ್ನೆಲ್ಲ ಕೇಳಿ, ಹಂಗಾದ್ರ ಬಾಟ್ಲಿ ನಿಮ್ಮಣ್ಣಂದು ಅಲ್ಲ ಅಂತ ಬರಕೊಳ್ಳಲೇನವಾ ಎಂದು ಕೇಳಿದರು. ಬ್ಯಾಡ್ರಿ ಸರ್, ಅದೂ ನನಗ ಗೊತ್ತಿಲ್ರಿ ಎಂದೆನು. ಗೊತ್ತಿಲ್ಲ ಎಂದೇ ಬರೆಯಲು ಕೋರಿದೆನು. ಇರುವೆ ಔಷಧವನ್ನೂ ಲಖನನ ಕ್ಯಾನನ್ನೂ ಲ್ಯಾಬಿಗೆ ಕಳಿಸಬೇಕೆಂದು, ಲೆವೆಲ್ 1 ಬರುವವರೆಗೆ ಅವನ ಒಪ್ಪಿಗೆಯನ್ನು ಕೊನೆಯದೆಂದು ಹಿಡಿಯಬಾರದೆಂದು ಕೇಳಿಕೊಂಡಿದ್ದೇನೆ.

ಸಾಹೇಬರ ಅನುಮತಿಯಿಂದ ಠಾಣೆಯಲ್ಲಿದ್ದ ಲಖನನಿಗೆ ಇದನ್ನು ತಿಳಿಸಿದೆ. ಭಾಗ್ಯಾ, ಲೆವಲ್ಲಾ ಗಿವಲ್ಲಾ ಬ್ಯಾಡ, ಅವ್ವನ ನಾ ಕೊಂದಿಲ್ಲಂತ ಆತೋ ಇಲ್ಲೋ ಎಂದನು. ಇನ್ನೂ ಆಗಿಲ್ಲಣ್ಣಾ ಎಂದೆನು. ಅವನು, ಹಂಗಾದ್ರ ಗೊತ್ತಾಗೂತನಕ ನಾ ಅಕಿ ಮಗ ಅಂತ ಅಳಲ್ಯೋ, ಬ್ಯಾಡೋ ಎಂದು ಕೇಳಿದನು. ಅದನ್ನೂ ಇದರಲ್ಲಿ ಬರೆಯಲು ಸಾಹೇಬರಿಗೆ ಹೇಳಿದೆನು.

ಇಷ್ಟನ್ನು ಓದಿಸಿ ಕೇಳಿದ್ದೇನೆ. ನನಗೆ ಗೊತ್ತಿರುವುದು ಇಷ್ಟೇ, ಗೊತ್ತಿಲ್ಲದ್ದನ್ನು ಬರೆಸಿಲ್ಲ.

ಸ್ಥಳ: ಕಾಗವಾಡ
ದಿನಾಂಕ: 19-03-2025
ಸಹಿ: ಭಾಗ್ಯಾ ನಾ. ಕಾಂಬಳೆ