ನವಿಲು ಬರುವವರೆಗೆ

ಪ್ರಿಯರೇ, ಪ್ರೀತಿ ಎಷ್ಟು ದೊಡ್ಡದಾಗಿರಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ.

ಕಡಲ ದಂಡೆಯ ಒಂದೂರಲ್ಲಿ ಹೆಂಚಿನ ವ್ಯಾಪಾರ ಮಾಡುವ ಒಬ್ಬ ಶ್ರೀಮಂತನಿದ್ದ. ಅವನ ಹೆಂಡತಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಅವಳ ಕೋಣೆಗಿದ್ದದ್ದು ಒಂದೇ ಕಿಟಕಿ, ಅದೂ ಪಡುವಣಕ್ಕೆ. ಸಂಜೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಅವಳು ಮಗ್ಗುಲು ಬದಲಿಸುವಂತಿರಲಿಲ್ಲ. ಗಂಡ ಒಂದು ಪರದೆ ಕಟ್ಟಬಹುದಿತ್ತು. ಆದರೆ ಅವನದು ಅಪಾರ ಪ್ರೀತಿ, ನೋಡಿ! ನಮ್ಮ ಚರ್ಚಿನಲ್ಲಿರುವಂತಹ ಬಣ್ಣದ ಗಾಜಿನ ಕಿಟಕಿಯನ್ನು ತನ್ನ ಕೈಯಿಂದಲೇ ಮಾಡಿಕೊಡುತ್ತೇನೆಂದು ಹೊರಟ.

ಆ ಕೆಲಸ ಕಲಿಸುವ ಹೆಂಗಸೊಬ್ಬಳು ಪೇಟೆಯಲ್ಲಿದ್ದಳು. "ಮೊದಲಿಗೆ ಎಂತ ಮಾಡ್ತೀರಿ?" ಎಂದು ಕೇಳಿದಳು.

"ನವಿಲು. ಗರಿ ಬಿಚ್ಚಿದ ನವಿಲು."

"ಅದು ಈಗಲೇ ಬೇಡ ಮಾರಾಯ್ರೇ. ಗಾಜು ನೇರ ಗೆರೆಯಲ್ಲಿ ಸುಲಭಕ್ಕೆ ತುಂಡಾಗ್ತದೆ. ಬಾಗಿದ ಗೆರೆಯಲ್ಲಿ ಹೊಸಬರ ಕೈಗೆ ಬಗ್ಗುವುದಿಲ್ಲ. ಮೊದಲು ಬರೀ ಚೌಕಗಳದ್ದು ಮಾಡಿ."

"ಚೌಕವಾ? ನನ್ನ ಹೆಂಡತಿಗೆ? ನೋಡಿದವರು ಎಂತ ಹೇಳಿಯಾರು?"

ಕೇಳಿದಿರಾ? ಗಂಡಹೆಂಡಿರ ನಡುವೆ ನೋಡುವವರು ಬಂದು ಕೂತರು! ಅವನು ಹಳೆಯ ಕಿಟಕಿಯನ್ನು ಚೌಕಟ್ಟಿನ ಸಮೇತ ಕಳಚಿ ಅಳತೆಗೆಂದು ಒಯ್ದ. ಆ ಜಾಗಕ್ಕೆ ಪ್ಲೈವುಡ್ ಹೊಡೆದ. ನವಿಲಿನ ಕುತ್ತಿಗೆಯನ್ನು ಕತ್ತರಿಸಿದ, ಅದು ಒಡೆಯಿತು. ಮತ್ತೆ ಕತ್ತರಿಸಿದ, ಮತ್ತೆ ಒಡೆಯಿತು. ಮಳೆಗಾಲ ಕಳೆಯಿತು.

ಒಂದು ದಿನ ಹೆಂಡತಿ ಕೇಳಿದಳು: "ನವಿಲು ಎಲ್ಲಿಗೆ ಬಂತು?"

"ಕುತ್ತಿಗೆಗೆ ಬಂದಿದೆ."

"ಹೋದ ತಿಂಗಳೂ ಕುತ್ತಿಗೆಯಲ್ಲೇ ಇತ್ತಲ್ಲ! ನಾನು ನಿಮ್ಮಲ್ಲಿ ಎಂತ ಕೇಳಿದ್ದು? ಬಿಸಿಲು ಸ್ವಲ್ಪ ಕಡಿಮೆ ಆಗಲಿ ಅಂತ. ನೀವು ಬೆಳಕನ್ನೇ ತೆಗೆದುಬಿಟ್ಟಿರಿ. ಹಗಲು ಯಾವುದು, ರಾತ್ರಿ ಯಾವುದು ಅಂತ ನಂಗೆ ಗೊತ್ತಾಗುವುದಿಲ್ಲ. ನಿಮ್ಮ ನವಿಲು ಬರುವಾಗ ನಾನು ಇರ್ತೇನಾ?"

ಬೆಳಗಾಗುತ್ತಲೇ ಅವನು ಪೇಟೆಯ ಆ ಹೆಂಗಸಿನ ಬಳಿಗೆ ಹೋಗಿ, "ಆ ಚೌಕದ್ದೇ ಕಲಿಸಿ" ಎಂದ.

ಜೇನಿನ ಬಣ್ಣದ ಚೌಕಗಳು, ಎಲೆಹಸಿರು ಚೌಕಗಳು, ನಡುವೆ ಸೀಸದ ಪಟ್ಟಿ. ಕಿಟಕಿ ಕೂತಿತು. ಸಂಜೆಯ ಬಿಸಿಲು ಹದವಾಗಿ, ಬಣ್ಣವಾಗಿ ಹೊದಿಕೆಯ ಮೇಲೆ ಹರಡಿತು. ಅವಳು ಹಸಿರಿನಲ್ಲಿ ಕೈಯಿಟ್ಟು ನೋಡಿದಳು.

"ಒಂದು ಚೌಕ ಸೊಟ್ಟ ಉಂಟಲ್ಲ?"

"ಉಂಟು."

"ಇರಲಿ. ಬನ್ನಿ, ಇಲ್ಲಿ ಕೂತ್ಕೊಳ್ಳಿ. ಎಷ್ಟು ದಿನವಾಯ್ತು ನೀವು ಕೂತು!"

ಪ್ರಿಯರೇ, ಹೆಂಚಿನ ವ್ಯಾಪಾರಿಯನ್ನು ಬಿಡಿ, ನಮ್ಮ ಮಾತಿಗೆ ಬರೋಣ. ತಂದೆ ಬೆನ್ನಿಗೆ ಎಣ್ಣೆ ತಿಕ್ಕು ಎಂದರೆ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎನ್ನುತ್ತೀರಿ. ಮಗಳು ಲೆಕ್ಕ ಹೇಳಿಕೊಡು ಎಂದರೆ, ಮುಂದಿನ ವರ್ಷ ಒಳ್ಳೆಯ ಶಾಲೆಗೆ ಸೇರಿಸುತ್ತೇನೆ ಎನ್ನುತ್ತೀರಿ. ಕೊಡುವ ಮನಸ್ಸು ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಯವರೆಗೆ ಅವರು ಎಲ್ಲಿರಬೇಕು? ಕತ್ತಲಲ್ಲೇ?

ಮನೆಗೆ ಹೋಗಿ. ನಿಮ್ಮವರು ಕೇಳಿ ಕೇಳಿ ಸುಮ್ಮನಾದದ್ದು ಏನೆಂದು ನೆನಪಿಸಿಕೊಳ್ಳಿ. ಅದು ಸಣ್ಣದಾಗಿದ್ದರೆ ಸಣ್ಣದಾಗಿಯೇ ಮಾಡಿಕೊಡಿ. ಸೊಟ್ಟಗಾದರೂ ಚಿಂತೆಯಿಲ್ಲ. ಇವತ್ತೇ ಮಾಡಿ, ಮಧ್ಯಾಹ್ನದ ಊಟಕ್ಕೆ ಕೂರುವ ಮೊದಲೇ.