ಹನ್ನೊಂದನೇ ನಂಬರಿನವನ ಗುರುತು

ಸಗಟು ಮಾರುಕಟ್ಟೆಯ ಹಿಂದಿನ ಹಮಾಲರ ಸಾಲುಮನೆಗಳಲ್ಲಿ ಕೊನೆಯ ಮನೆಯ ವಾಸಿ, ವಯಸ್ಸು ಐವತ್ತು, ಗೋಣಿಚೀಲ ಹೊಲಿಯುವ ಕೆಲಸ, ಓದು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ, ಮಾರುಕಟ್ಟೆಯವರ ಬಾಯಲ್ಲಿ ಚೀಲದಕ್ಕ ಆದ ನಾನು, ಯಾರ ಒತ್ತಾಯವೂ ಇಲ್ಲದೆ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಹೇಳಿ ಬರೆಸುವುದೇನೆಂದರೆ:

ನಾನು ತಾಯಿಯ ಜೊತೆ ಇದ್ದೇನೆ. ತಂದೆ ತೀರಿಕೊಂಡಿದ್ದಾರೆ. ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ತಂದೆಯ ಹಾಗೆಯೇ ಮಾರುಕಟ್ಟೆಯಲ್ಲಿ ಹಮಾಲನಾಗಿದ್ದ. ತಲೆಯ ಮೇಲೆ ಮೂಟೆ ಹೊರುವವರು ಕತ್ತು ತಿರುಗಿಸುವುದಿಲ್ಲ. ಯಾರಾದರೂ ಕರೆದರೆ ಕಾಲು ಸಮೇತ ಇಡೀ ಮೈ ತಿರುಗಿಸುತ್ತಾರೆ. ಅಣ್ಣನಿಗೆ ಮೂಟೆ ಇಲ್ಲದಾಗಲೂ ಅದೇ ರೂಢಿ. ಊಟಕ್ಕೆ ಕೂತಾಗ ಪಕ್ಕದಿಂದ ಕರೆದರೆ ತಟ್ಟೆ ಸಮೇತ ತಿರುಗುತ್ತಿದ್ದ. ಅದಕ್ಕೇ ಸೋದರಮಾವ ಅವನಿಗೆ ಕಪಾಟು ಎಂದು ಹೆಸರಿಟ್ಟಿದ್ದರು. ಮನೆಯಲ್ಲೂ ಹಾಗೇ ಕರೆಯುತ್ತಿದ್ದೆವು.

ಮೂವತ್ತನಾಲ್ಕು ವರ್ಷದ ಹಿಂದೆ, ಮಾರುಕಟ್ಟೆಯ ಮುಂದಿನ ಚೌಕದಲ್ಲಿ ನಾಯಕರನ್ನು ಗುಂಡಿಟ್ಟು ಕೊಂದ ದಿನ, ಅಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದ. ಮೂಟೆಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆಗಳು ಹಮಾಲರ ಹತ್ತಿರ ಎರಡಿರುತ್ತವೆ. ಒಂದು ಒಣಗುವಾಗ ಒಂದು ಕೆಲಸಕ್ಕೆ. ಬೆವರಿನಲ್ಲಿ ನೆನೆದದ್ದನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಿ, ಒಣಗಿದ್ದನ್ನು ಎಡ ಹೆಗಲಿಗೆ ಏರಿಸಿಕೊಂಡ. ಚೌಕದ ಕಡೆ ಹೋಗ್ಬೇಡ, ನೂಕುನುಗ್ಗಲು ಇರುತ್ತೆ ಎಂದು ಅಮ್ಮ ಹೇಳಿದಳು. ನಾಯಕರ ಮುಖ ನೋಡ್ಕೊಂಡು ಬರ್ತೀನಿ, ಮೂಟೆ ಏನು ಓಡಿಹೋಗುತ್ತಾ ಎಂದು ಹೇಳಿ ಹೋದ. ಸ್ವಲ್ಪ ಹೊತ್ತಿಗೆ ಗುಂಡಿನ ಶಬ್ದ ನಮ್ಮ ಮನೆಗೂ ಕೇಳಿಸಿತು. ಅಣ್ಣ ವಾಪಸ್ ಬರಲಿಲ್ಲ. ತಂದೆ ಠಾಣೆ, ಆಸ್ಪತ್ರೆ, ಶವಾಗಾರ ಎಲ್ಲ ಕಡೆ ಹೋಗಿ ಬಂದರು. ಸತ್ತಿದ್ದಾನೆಂದು ಯಾರೂ ಹೇಳಲಿಲ್ಲ. ಹಿಡಿದಿದ್ದೇವೆಂದೂ ಯಾರೂ ಹೇಳಲಿಲ್ಲ. ಮೊಳೆಯ ಮೇಲಿದ್ದ ಸಿಂಬೆಯನ್ನು ಅಂದಿನಿಂದ ಅಮ್ಮ ಯಾರಿಗೂ ಮುಟ್ಟಗೊಡಲಿಲ್ಲ. ಸುಣ್ಣ ಹೊಡೆಯಲು ಬಂದವನಿಗೆ ಆ ಗೋಡೆಯನ್ನು ಬಿಟ್ಟುಬಿಡು ಎನ್ನುತ್ತಿದ್ದಳು.

ಕಳೆದ ಗುರುವಾರ ಮಾವ ಪೇಪರ್ ಹಿಡಿದುಕೊಂಡು ಬಂದರು. ಕೊಲೆಯ ವಿಚಾರಣೆಯನ್ನು ಮತ್ತೆ ತೆರೆದಿದ್ದಾರೆಂದೂ ಆ ದಿನ ಚೌಕದಲ್ಲಿ ತೆಗೆದ ಫಿಲ್ಮ್ ಈಗ ಸಿಕ್ಕಿದೆಯೆಂದೂ ಓದಿ ಹೇಳಿದರು. ಅದರಿಂದ ತೆಗೆದ ಒಂದು ಚಿತ್ರ ಹಾಕಿ, ಕೊಂದವನ ಅಕ್ಕಪಕ್ಕ ನಿಂತವರ ಮೇಲೆ ನಂಬರ್ ಬರೆದು, ಗುರುತಿದ್ದವರು ತಿಳಿಸಿ ಎಂದು ಕೇಳಿದ್ದರು. ಕೊಂದವನ ಪಕ್ಕದಲ್ಲೇ ಇದ್ದ ಹನ್ನೊಂದನೇ ನಂಬರಿನವನ ಮುಖ ಮಸುಕಾಗಿತ್ತು. ಕತ್ತು ಮಾತ್ರ ಕಂಬದ ಹಾಗೆ ನೆಟ್ಟಗಿತ್ತು, ಎಡ ಹೆಗಲ ಮೇಲೆ ಸಿಂಬೆ ಇತ್ತು. ಅಮ್ಮನಿಗೆ ಒಂದು ಕಣ್ಣು ಕಾಣಿಸುವುದಿಲ್ಲ. ಪೇಪರನ್ನು ಮೂಗಿಗೆ ತಾಗಿಸಿ ನೋಡಿ, ಬಂದ್ಯೇನೋ ಕಪಾಟು ಎಂದಳು.

ಕೊಂದವನ ಪಕ್ಕ ನಿಂತಿದ್ದಾನೆ, ಇವನನ್ನೂ ಅವನ ಜೊತೆಗಾರ ಅಂತ ಬರ್ಕೊಂಡುಬಿಟ್ರೆ ಏನಕ್ಕಾ ಗತಿ ಎಂದು ಮಾವ ಕೇಳಿದರು. ಏನು ಬೇಕಾದರೂ ಬರ್ಕೊಳ್ಳಲಿ, ಇಂಥವನೊಬ್ಬ ಇದ್ದ ಅಂತಾದರೂ ಬರ್ಕೊಳ್ಳಲಿ ಎಂದಳು ಅಮ್ಮ. ನಾನು ದೇವರಿಗೆ ದೀಪ ಹಚ್ಚಿ, ಶನಿವಾರ ಠಾಣೆಗೆ ಬಂದು, ಆತ ನನ್ನ ಅಣ್ಣನೇ ಎಂದು ಸಹಿ ಹಾಕಿದೆ. ಬೇಕೆಂದು ಸುಳ್ಳು ಹೇಳಿದ್ದಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಸ್ಟೂಲು ಹಾಕಿಸಿಕೊಂಡು ತಾನೇ ಸಿಂಬೆಯನ್ನು ಮೊಳೆಯಿಂದ ತೆಗೆದಳು. ಸಿಕ್ಕಿದನಲ್ಲ, ಇನ್ನು ಇದನ್ನು ಎಷ್ಟು ದಿನ ಒಣಗಿಸೋದು ಎಂದಳು. ಹಳೆಯ ಬೆವರಿಗೆ ಅದು ಮರದ ಹಾಗೆ ಗಟ್ಟಿಯಾಗಿತ್ತು. ಬಿಸಿನೀರಲ್ಲಿ ನೆನೆಹಾಕಿ ಒಂದೊಂದೇ ಸುತ್ತು ಬಿಚ್ಚಿ ಒಗೆದಳು. ಸಂಜೆ ಮಡಿಸಿ ದೇವರ ಮುಂದೆ ಇಟ್ಟಳು.

ಈ ದಿನ ಬೆಳಿಗ್ಗೆ ಹತ್ತೂವರೆಗೆ, ಸಾಹೇಬರು ಕರೆಸಿದ್ದರಿಂದ, ನಾನೂ ಮಾವನೂ ಠಾಣೆಯ ಮಹಡಿಗೆ ಬಂದೆವು. ಕಿಟಕಿಯ ಪರದೆ ಎಳೆದು ಕಂಪ್ಯೂಟರಿನಲ್ಲಿ ಫಿಲ್ಮ್ ಹಾಕಿದರು. ಶಬ್ದವಿಲ್ಲ. ನಾಯಕರು ಕಾರಿನಿಂದ ಇಳಿದು ಕೈಯೆತ್ತುತ್ತ ಬರುತ್ತಾರೆ. ಹನ್ನೊಂದನೇ ನಂಬರಿನವನು ಪೇಪರಿನಲ್ಲಿದ್ದ ಹಾಗೇ ನಿಂತಿದ್ದ. ಆಮೇಲೆ ಹೆಗಲಿನಿಂದ ಸಿಂಬೆ ಇಳಿಸಿದ. ಅದು ಅವನ ಕೈಯಿಂದ ಉದ್ದಕ್ಕೆ ಬಿಚ್ಚಿಕೊಂಡಿತು. ಅದು ಕರೆಂಟಿನ ವೈರು. ಆಗಲೇ ಗುಂಡು ಹಾರಿರಬೇಕು, ಎಲ್ಲರೂ ಬೆಚ್ಚಿದರು. ಅವನು ಚಟ್ಟನೆ ಕತ್ತು ತಿರುಗಿಸಿ ನಾಯಕರ ಕಡೆ ನೋಡಿದ. ಭುಜ ಇದ್ದಲ್ಲೇ ಇತ್ತು, ಕಾಲೂ ಇದ್ದಲ್ಲೇ ಇತ್ತು.

ಇನ್ನೊಂದು ಸಲ ಹಾಕಿ ಎಂದು ಕೇಳಿದೆ. ಹಾಕಿದರು. ಮತ್ತೂ ಒಂದು ಸಲ ಹಾಕಿದರು. ಮಾವ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತ, ಹಮಾಲ ಅಲ್ಲ, ಸಭೆಗೆ ಮೈಕ್ ಕಟ್ಟೋಕೆ ಬಂದವನು ಕಣೇ ಎಂದರು. ಸಾಹೇಬರು ನೀರು ತರಿಸಲು ಎದ್ದುಹೋದಾಗ, ಸುಮ್ನೆ ಹೌದು ಅಂದುಬಿಡು, ನಿಮ್ಮಮ್ಮ ಇನ್ನೆಷ್ಟು ದಿನ ಇರ್ತಾಳೆ, ದೇವರು ಇಷ್ಟಕ್ಕೆಲ್ಲ ಕೋಪ ಮಾಡ್ಕೊಳ್ಳಲ್ಲ ಎಂದರು. ದೇವರು ಮಾಡ್ಕೊಳ್ಳದೆ ಇರಬಹುದು ಮಾವಾ, ಆ ಮೈಕಿನವನಿಗೂ ತಾಯಿ ಇರ್ತಾಳಲ್ಲ ಎಂದೆ. ಮಾವ ಕನ್ನಡಕ ಹಾಕಿಕೊಂಡರು.

ಸಾಹೇಬರು ವಾಪಸ್ ಬಂದು, ಬೇರೆಯವರಲ್ಲಿ ನಿಮ್ಮಣ್ಣ ಇದ್ದಾರೇನೋ ನೋಡಿ ಅಕ್ಕಾ ಎಂದು ನಿಧಾನವಾಗಿ ಓಡಿಸಿ ತೋರಿಸಿದರು. ಎಲ್ಲರನ್ನೂ ನೋಡಿದೆ. ಮೈ ಸಮೇತ ತಿರುಗಿದವನು ಒಬ್ಬನೂ ಇಲ್ಲ. ಕೊನೆಯಲ್ಲಿ ಕ್ಯಾಮೆರಾ ಹಿಡಿದವನೂ ಓಡಿರಬೇಕು, ಬರೀ ಕಾಲುಗಳು ಕಾಣುತ್ತವೆ, ಆಮೇಲೆ ನೆಲ, ನೆಲದ ಮೇಲೆ ಒಂದು ಚಪ್ಪಲಿ. ಆ ಚಪ್ಪಲಿ ಯಾರದೆಂದು ನಾನು ಹೇಳಲಾರೆ. ಅಣ್ಣ ಬರಿಗಾಲಿನಲ್ಲಿ ಹೋಗಿದ್ದ.

ಆದ್ದರಿಂದ ಹನ್ನೊಂದನೇ ನಂಬರಿನವನು ನನ್ನ ಅಣ್ಣನಲ್ಲ. ಶನಿವಾರ ಕೊಟ್ಟ ಹೇಳಿಕೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಈ ವಿಷಯ ತಿಳಿಸಲು ನಮ್ಮ ಮನೆಗೆ ಪೊಲೀಸರನ್ನು ಕಳಿಸಬಾರದೆಂದು ಕೇಳಿಕೊಳ್ಳುತ್ತೇನೆ. ತಿಳಿಸಬೇಕಾದರೆ ನಾನೇ ಅಮ್ಮನಿಗೆ ತಿಳಿಸಬೇಕು. ತಿಳಿಸಿದರೆ ಅವಳು ಮೊದಲು ಮೊಳೆಯನ್ನು ನೋಡುತ್ತಾಳೆ. ಸಿಂಬೆ ಸುತ್ತಲು ನನಗೂ ಬರುತ್ತದೆ, ಮಾವನಿಗೂ ಬರುತ್ತದೆ. ಅಣ್ಣ ಸುತ್ತಿದ್ದು ಅದೊಂದೇ ಉಳಿದಿತ್ತು.

ಬರೆದುಕೊಂಡಿದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದ್ದೇ ಇದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ದೇವರ ಮುಂದೆ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ.

ಸ್ಥಳ: ಠಾಣೆಯ ಮಹಡಿ ಕೋಣೆ
ದಿನಾಂಕ: ಇದೇ ತಿಂಗಳ ಹದಿನಾಲ್ಕು, ಮಂಗಳವಾರ
(ಸಹಿ) ಚೀಲದಕ್ಕ, ಕಪಾಟಿನ ತಂಗಿ