ಉಡಿಗೆ ಐದು ಬಾಳೆಹಣ್ಣು

ಅಥಣಿ ಬಸ್ ಸ್ಟ್ಯಾಂಡಿನಲ್ಲಿ ಉಗಾರದ ಬಸ್ಸಿಗೆ ಕಾಯುತ್ತಿದ್ದ ಬಾಬಾಸಾಹೇಬನಿಗೆ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಎಳೆಯುತ್ತಿತ್ತು. ಪಕ್ಕದಲ್ಲಿ ಕುಳಿತ ಇಬ್ಬರು ಹೆಂಗಸರ ಮಾತು ಅವನ ತೂಕಡಿಕೆಯೊಳಗೆ ಕನಸಿನಂತೆ ಸೇರಿಕೊಂಡಿತು.

"ಮಲಕವ್ವಾ, ಇನ್ನಮ್ಯಾಲ ಬಾಳಿಹಣ್ಣಿನ್ಯಾಗ ಲಸಿಕಿ ಬೆಳಸ್ತಾರಂತ. ರೇಡಿಯೋದಾಗ ಹೇಳಿದ್ರು."

"ಹಣ್ಣಿಗೆ ಸೂಜಿ ಚುಚ್ಚತಾರೇನ್ರಿ, ಗಿರಿಜಕ್ಕಾ?"

"ಇಲ್ಲ ಬೇ. ಗಿಡದ ಗುಣಾನ ಬದಲ ಮಾಡ್ತಾರಂತ. ಹಣ್ಣಿನ ಜೋಡಿ ಲಸಿಕೀನೂ ಬೆಳೀತೈತಿ. ಕೂಸು ತಿಂದ್ರ ಸಾಕು."

"ಹಂಗಾದ್ರ ನನ್ನ ಮಗಳಿಗೆ ಭಾಳ ಚಲೋ ಆತ್ರಿ. ಕುರಿ ಹಿಂದ ಊರೂರು ತಿರಗತಾರ. ಸೂಜಿ ಹಾಕೂ ದಿನ ಯಾರ ಹೊಲದಾಗ ಇರ್ತಾರೋ ಏನೋ. ಸೂಜಿ ತಪ್ಪಿ ಮೊದಲನೇ ಕೂಸು ಹಂಗ ಹೋತಲ್ರಿ."

ಗಿರಿಜವ್ವ ಮಲಕವ್ವನ ಮಡಿಲಲ್ಲಿದ್ದ ಚೀಲದ ಕಡೆ ನೋಡಿದಳು.

"ಈಗ ಆಕಿ ಕುಬಸಕ್ಕ ಹೊಂಟೀಯಲ್ಲ?"

"ಹೌದ್ರಿ, ಏಳು ತಿಂಗಳಾತು. ಉಡಿ ತುಂಬಾಕ ಐದು ಬಾಳಿಹಣ್ಣ ತಗೊಂಡೀನಿ. ಆ ಲಸಿಕಿ ಹಣ್ಣ ಎಂದ ಬರತಾವ್ರಿ?"

"ಇನ್ನ ಹತ್ತ ವರ್ಷರೆ ಬೇಕಂತ."

ಅಷ್ಟರಲ್ಲಿ ಮಲಕವ್ವನ ಬಸ್ಸು ಬಂತು. ಹಣ್ಣು ಹಿಸುಕಿಹೋಗದಂತೆ ಚೀಲವನ್ನು ತಲೆಯ ಮೇಲೆತ್ತಿ ಹಿಡಿದು ಗದ್ದಲದೊಳಗೆ ನುಗ್ಗಿದಳು. ಮೆಟ್ಟಿಲ ಮೇಲಿನಿಂದ ಅವಳ ದನಿ ಬಂತು.

"ಆ ಹಣ್ಣ ಮುಂದಿನ ಮಕ್ಕಳು ತಿನ್ಲಿ, ಅಕ್ಕಾ. ಈ ಕೂಸಿನ್ನ ಸೂಜಿಗೆ ನಾನ ಹೊತ್ತಕೊಂಡ ಬರತೀನಿ."